ಮಗನ ಚಟ ಮುಚ್ಚಿಟ್ಟರೆ

ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ವರ್ತಕ ಬಂಧುಗಳ ಮನೆಯಲ್ಲಿ ಮಗ ಗಾಂಜಾ ಪ್ರಕರಣದಲ್ಲಿ ಸಿಕ್ಕಿಬಿದ್ದರೆ, ಮೊದಲು ನೆನಪಾಗುವುದು ಪೇಟೆಯಲ್ಲಿನ ಮರ್ಯಾದೆ. ಆಗ ಮೊಬೈಲಿನಲ್ಲೇ ಮುಗಿಯುವ ಜಾಗೃತಿ ತರಗತಿ, ಕೈಗೊಂದು ಸರ್ಟಿಫಿಕೇಟು ಎಂದರೆ ಜೀವ ಬಂದಂತಾಗುತ್ತದೆ. ಅಮೆರಿಕದ ಕೆಲವು ನ್ಯಾಯಾಲಯಗಳಲ್ಲಿ ಅದು ನಡೆಯುತ್ತದೆ. ನಮ್ಮ 1985ರ ಮಾದಕ ವಸ್ತು ಕಾಯ್ದೆ ಕೇಳುವುದು ಚಿಕಿತ್ಸೆಯನ್ನು.

ಅಲ್ಪ ಪ್ರಮಾಣದ ಪ್ರಕರಣದಲ್ಲಿ (ಗಾಂಜಾ ಆದರೆ 1 ಕಿಲೋಗಿಂತ ಕಡಿಮೆ) ತಪ್ಪಿತಸ್ಥನೆಂದು ತೀರ್ಮಾನವಾದ ವ್ಯಸನಿಯನ್ನು 39ನೇ ಕಲಮಿನಂತೆ, ಅವನ ಒಪ್ಪಿಗೆ ಪಡೆದು, ಜೈಲಿನ ಬದಲು ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಗೆ ಕಳಿಸಬಹುದು. ಮುಚ್ಚಳಿಕೆ ಬರೆದುಕೊಟ್ಟು ವರ್ಷದೊಳಗೆ ಚಿಕಿತ್ಸೆಯ ವರದಿ ಒಪ್ಪಿಸಬೇಕು. ತಾನಾಗಿ ಮುಂದೆ ಬಂದು ಚಿಕಿತ್ಸೆ ಪಡೆದವನಿಗೆ 64ಎ ಕಲಮು ಮೊಕದ್ದಮೆಯಿಂದಲೇ ವಿನಾಯಿತಿ ಕೊಡುತ್ತದೆ. ಅರ್ಧಕ್ಕೆ ಬಿಟ್ಟರೆ ಅದನ್ನು ಹಿಂದಕ್ಕೆ ಪಡೆಯಬಹುದು.

ಆದರೆ ಈ ಬಾಗಿಲು ತೆರೆಯುವುದು ವ್ಯಸನಿಗೆ ಮಾತ್ರ. ನಾವೋ ವಕೀಲರ ಮುಂದೆಯೂ "ನಮ್ಮ ಹುಡುಗ ಮುಟ್ಟಿಯೇ ಇಲ್ಲ" ಎಂದು ಹಟ ಹಿಡಿಯುತ್ತೇವೆ. ನಿಜವಾಗಿ ಮುಟ್ಟದಿದ್ದರೆ ಮಾತು ಬೇರೆ. ಮುಟ್ಟಿದ್ದರೆ, ಮರ್ಯಾದೆ ಉಳಿಸಲು ಹೋಗಿ ಆ ಬಾಗಿಲಿಗೆ ನಾವೇ ಅಗುಳಿ ಹಾಕಿದಂತೆ. ಪೊಲೀಸರು ಬರುವ ಮೊದಲೇ ಮಾತಾಡಬೇಕೆನಿಸಿದರೆ 14446 ಉಚಿತ ಸಹಾಯವಾಣಿಯಿದೆ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕರೆ ಮಾಡಿ.