ಆಕರಕೋಶಗಳೂ ಉದ್ಯಮದ ಹಾದಿಯೂ

ಸಂಸ್ಕೃತದಲ್ಲಿ ‘ಆಕರ’ವೆಂದರೆ ಗಣಿ, ಬೆಲೆಯುಳ್ಳ ವಸ್ತುಗಳು ಹುಟ್ಟಿಬರುವ ಸ್ಥಾನ. ಸ್ಟೆಮ್ ಸೆಲ್ ಎಂಬ ಜೀವಕಣಕ್ಕೆ ನಮ್ಮವರು ಆಕರಕೋಶವೆಂದು ಹೆಸರಿಟ್ಟಿರುವುದು ಬಹು ಸಮಂಜಸವಾಗಿದೆ. ದೇಹದ ಇತರ ಕೋಶಗಳಲ್ಲಿ ಬಹುಪಾಲು ತಂತಮ್ಮ ಕೆಲಸವನ್ನು ಮಾತ್ರ ಬಲ್ಲವು. ಆಕರಕೋಶವಾದರೋ ತನ್ನಂತಹುದೇ ಇನ್ನೊಂದನ್ನು ಹುಟ್ಟಿಸಬಲ್ಲುದು. ಬೇರೆ ಬಗೆಯ ಕೋಶವಾಗಿಯೂ ಪರಿಣಮಿಸಬಲ್ಲುದು. ಎಲುಬಿನ ಮಜ್ಜೆಯಲ್ಲಿರುವ ಇಂತಹ ಕೋಶಗಳಿಂದಲೇ ನಮ್ಮ ರಕ್ತವು ದಿನದಿನವೂ ಹೊಸದಾಗುತ್ತಿರುವುದು.

ಗಣಿಯೆಂದ ಮೇಲೆ ಅಗೆಯುವವರೂ ಬರುವರಷ್ಟೆ. ಜೀವವಿಜ್ಞಾನವನ್ನು ಓದಿದ ತರುಣ ತರುಣಿಯರು ಈ ವಿದ್ಯೆಯಿಂದ ಉದ್ಯಮವೊಂದನ್ನು ಕಟ್ಟಲು ಹಂಬಲಿಸುವುದು ಸಹಜ. ಅವರ ತಂದೆತಾಯಿಗಳು ಕೂಡಿಟ್ಟ ಹಣದ ಗತಿಯೇನೆಂದು ಚಿಂತಿಸುವುದೂ ಸಹಜ. ಇಬ್ಬರಿಗೂ ಉಪಯೋಗವಾಗಲೆಂದು ಎರಡು ಸಂಗತಿಗಳನ್ನು ಮೊದಲು ಹೇಳುವೆನು.

1998ರಲ್ಲಿ ಅಮೆರಿಕಾದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ನರು ಮಾನವ ಭ್ರೂಣದ ಆಕರಕೋಶಗಳನ್ನು ಮೊಟ್ಟಮೊದಲು ಬೇರ್ಪಡಿಸಿ ಬೆಳೆಸಿದರು. ಆ ಕಾರ್ಯಕ್ಕೆ ದ್ರವ್ಯಸಹಾಯ ಮಾಡಿದ ಜೆರಾನ್ ಕಂಪನಿಯು, ಬೆನ್ನುಹುರಿಗೆ ಪೆಟ್ಟಾದವರಿಗಾಗಿ ಒಂದು ಚಿಕಿತ್ಸೆಯನ್ನು ಸಿದ್ಧಪಡಿಸಿ, 2010ರಲ್ಲಿ ಮೊದಲನೆಯ ರೋಗಿಗೆ ಪ್ರಯೋಗಾರ್ಥವಾಗಿ ಕೊಡಿಸಿತು. ಮರುವರ್ಷವೇ, ಬಂಡವಾಳ ಸಾಲದೆಂಬ ಕಾರಣದಿಂದ, ಆ ಪ್ರಯೋಗವನ್ನು ನಿಲ್ಲಿಸಿತು. ವಿದ್ಯೆಯಿದ್ದಿತು, ರೋಗಿಗಳ ನಿರೀಕ್ಷೆಯೂ ಇದ್ದಿತು. ಕಾಯುವ ಬಲವು ಸಾಲದೆ ಹೋಯಿತು.

ಎರಡನೆಯದು ನಮ್ಮ ಬೆಂಗಳೂರಿನದು. ಮಣಿಪಾಲ ಸಮೂಹದ ಆಶ್ರಯದಲ್ಲಿ 2006ರಲ್ಲಿ ಹುಟ್ಟಿದ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯು, ಬರ್ಗರನ ರೋಗಕ್ಕೆ ಔಷಧವನ್ನು ಸಾಧಿಸಹೊರಟಿತು. ಈ ರೋಗವು ಹೊಗೆಸೊಪ್ಪಿನ ಚಟವುಳ್ಳವರಿಗೆ ತಗಲುವಂತಹುದು. ಕೈಕಾಲುಗಳ ರಕ್ತನಾಳಗಳು ಕಟ್ಟಿಕೊಂಡು, ಕೊನೆಗೆ ಅಂಗವನ್ನೇ ಕತ್ತರಿಸಬೇಕಾಗಿ ಬರುವುದುಂಟು. ಸರ್ಕಾರದ ಅನುಮತಿ, ಅದೂ ಪರಿಮಿತವಾದುದು, ದೊರೆತದ್ದು 2016ರಲ್ಲಿ. ಬಲವಾದ ಬೆಂಬಲವಿದ್ದವರಿಗೂ ಹತ್ತು ವರ್ಷಗಳು ಹಿಡಿದುವು!

ಹಾಗಾದರೆ ಅಲ್ಪ ಬಂಡವಾಳದವರಿಗೆ ಇಲ್ಲಿ ಎಡೆಯಿಲ್ಲವೆ? ಉಂಟು. ಮಲೆನಾಡಿನಲ್ಲಿ ಅಡಿಕೆಯ ತೋಟವನ್ನು ಹೊಸದಾಗಿ ಹಾಕುವ ರೈತನು, ಸಸಿಗಳು ಫಲಕ್ಕೆ ಬರಲು ಹಲವು ವರ್ಷಗಳು ಬೇಕೆಂದು ಬಲ್ಲನಾದುದರಿಂದ, ನಡುನಡುವೆ ಬಾಳೆಯನ್ನು ನೆಡುವನು. ಬಾಳೆಯ ಗೊನೆ ಮನೆಯ ಖರ್ಚನ್ನು ತೂಗಿಸುವುದು. ಅದರ ನೆರಳು ಅಡಿಕೆಯ ಸಸಿಯನ್ನು ಕಾಪಾಡುವುದು. ಈ ಉದ್ಯಮದಲ್ಲಿ ಚಿಕಿತ್ಸೆಯು ಅಡಿಕೆ. ಸಂಶೋಧಕರಿಗೆ ಬೇಕಾದ ಸಾಮಗ್ರಿಗಳು ಬಾಳೆ.

ಆ ಸಾಮಗ್ರಿಗಳಾವುವು? ಕೋಶಗಳು ಬೆಳೆಯಲು ಪೋಷಕದ್ರವಗಳು ಬೇಕು. ಅವನ್ನು ಕೆಡದಂತೆ ಇಡಲು ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ದ್ರವ ನೈಟ್ರೋಜನ್ನಿನ ಪಾತ್ರೆಗಳು ಬೇಕು. ಅದೇ ಶೈತ್ಯದಲ್ಲಿ ಊರಿಂದೂರಿಗೆ ಸಾಗಿಸುವವರೂ, ಸೋಂಕಿಲ್ಲವೆಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವವರೂ, ಲೆಕ್ಕಪತ್ರಗಳನ್ನು ಇಡಲು ಸಾಫ್ಟ್‌ವೇರ್ ಬರೆಯುವವರೂ ಬೇಕು. ಇಷ್ಟೇ ಅಲ್ಲ. 2006ರಲ್ಲಿ ಜಪಾನಿನ ಯಮನಾಕರು ಇಲಿಯ ಚರ್ಮದ ಕೋಶಗಳನ್ನೂ, 2007ರಲ್ಲಿ ಮನುಷ್ಯನ ಕೋಶಗಳನ್ನೂ ಆಕರಕೋಶಗಳಂತೆ ಮಾರ್ಪಡಿಸಿ ತೋರಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಬಂದಿತು. ಈ ಕ್ರಮದಿಂದ ಹೃದಯದ ಅಥವಾ ಯಕೃತ್ತಿನ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಹೊಸ ಔಷಧಗಳು ವಿಷಕರವೇ ಎಂದು ಔಷಧ ಕಂಪನಿಗಳಿಗೆ ಪರೀಕ್ಷಿಸಿಕೊಡಬಹುದು. ಮಾನವದೇಹದೊಳಕ್ಕೆ ಏನನ್ನೂ ಸೇರಿಸದ ಕಾರಣ, ಚಿಕಿತ್ಸೆಯಷ್ಟು ದೀರ್ಘಕಾಲ ಇಲ್ಲಿ ಕಾಯಬೇಕಾಗಿಲ್ಲ. ಇಂತಹ ಹೊಸಬರಿಗೆ ನೆರವಾಗಲೆಂದೇ ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆಯು 2012ರಲ್ಲಿ ಸ್ಥಾಪಿತವಾಯಿತು. ಅದರ ‘ಬಿಗ್’ ಯೋಜನೆಯಲ್ಲಿ 50 ಲಕ್ಷ ರೂಪಾಯಿಗಳವರೆಗೆ ಅನುದಾನವುಂಟು. ಬೆಂಗಳೂರಿನ ಸಿ-ಕ್ಯಾಂಪ್ ಸಂಸ್ಥೆಯು ಪ್ರಯೋಗಶಾಲೆಯ ಸೌಕರ್ಯವನ್ನು ಒದಗಿಸುತ್ತಿದೆ.

ಇನ್ನು ವರ್ಜ್ಯವಾದ ಹಾದಿಯೊಂದನ್ನು ಹೇಳದೆ ಬಿಡಲಾಗದು. ಸಿದ್ಧವಾಗದ ಚಿಕಿತ್ಸೆಯನ್ನು ಸಿದ್ಧೌಷಧವೆಂದು ಮಾರುವ ವ್ಯಾಪಾರಕ್ಕೆ ಗಿರಾಕಿಗಳು ಬೇಗನೆ ದೊರೆಯುವರು. ಏಕೆಂದರೆ ಕಾಯಿಲೆಯ ಮಗುವುಳ್ಳ ತಾಯಿಯು ಒಡವೆಯನ್ನು ಮಾರಿಯಾದರೂ ಹಣ ತರುವಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ 2017ರ ಸೂತ್ರಗಳು, ಕೆಲವು ರಕ್ತಸಂಬಂಧವಾದ ರೋಗಗಳ ಅಂಗೀಕೃತ ಚಿಕಿತ್ಸೆಯ ಹೊರತು ಉಳಿದುದೆಲ್ಲವೂ ಪ್ರಯೋಗವೆಂದೇ ಎಣಿಸತಕ್ಕದ್ದೆಂದೂ, ಪ್ರಯೋಗಕ್ಕೆ ಒಳಗಾದ ರೋಗಿಯಿಂದ ಅದಕ್ಕಾಗಿ ಹಣ ಪಡೆಯಕೂಡದೆಂದೂ ವಿಧಿಸಿದುವು. ಹೊಕ್ಕಳುಬಳ್ಳಿಯ ರಕ್ತದ ಹೊರತು ಹಲ್ಲು, ಕೊಬ್ಬು ಮುಂತಾದುವುಗಳ ಕೋಶಗಳನ್ನು ಶುಲ್ಕಕ್ಕೆ ಕೂಡಿಡುವ ವ್ಯಾಪಾರಕ್ಕೂ ಅವು ಸಮ್ಮತಿ ಕೊಡಲಿಲ್ಲ. ಹೊಕ್ಕಳುಬಳ್ಳಿಯ ರಕ್ತವಾದರೂ ಸರ್ವರೋಗನಿವಾರಕವಲ್ಲ. ವಂಶಪಾರಂಪರ್ಯವಾದ ದೋಷವು ಮಗುವಿನಲ್ಲಿದ್ದರೆ ಅದೇ ದೋಷವು ಆ ರಕ್ತದಲ್ಲಿಯೂ ಇರುವುದೆಂಬುದನ್ನು ಗೃಹಸ್ಥರು ನೆನಪಿನಲ್ಲಿಡಬೇಕು.

ಆದುದರಿಂದ, ಮಗನೋ ಮಗಳೋ ಈ ಉದ್ಯಮಕ್ಕಾಗಿ ಹಣ ಕೇಳಿದಾಗ ಹಿರಿಯರು ಹೆದರಿ ‘ಬೇಡ’ವೆನ್ನಬೇಕಾಗಿಲ್ಲ. ‘ನೀನು ಮಾರುವ ವಸ್ತುವಾವುದು? ಅದನ್ನು ಕೊಳ್ಳುವವರು ಯಾರು? ಅದರ ಗುಣವನ್ನು ಪರೀಕ್ಷಿಸಿ ಒಪ್ಪಿದವರು ಯಾರು? ಫಲ ಬರುವವರೆಗೆ ಜೀವನಕ್ಕೇನು?’ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಲಿ. ನಾಲ್ಕಕ್ಕೂ ಕಾಗದದ ಮೇಲೆ ಉತ್ತರ ಬರೆದುಕೊಡಬಲ್ಲ ಮಕ್ಕಳಿಗೆ ಧೈರ್ಯವಾಗಿ ನೆರವಾಗಲಿ.