ಗಾಳಿ ಎಲ್ಲಿ ಹೋಯಿತು?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಗಳೇ ಹೆಚ್ಚು. ಈ ಸಲ ಪುಣೆಯ ಭೋಸರಿಯ ಗ್ಯಾರೇಜಿನಲ್ಲಿ ಕೆಲಸ ಮಾಡುವ ವಿಜಯಪುರದ ತಮ್ಮನೊಬ್ಬ ಕೋರಿಕೆಯ ಕೆಳಗೆ ಇನ್ನೆರಡು ಸಾಲು ಬರೆದಿದ್ದಾನೆ: "ಅಕ್ಕಾ, ನಮ್ಮ ಕಂಪ್ರೆಸರಿನಾಗ ಪ್ರೆಶರ್ ನಿಲ್ಲವಲ್ದು. ಸೇಫ್ಟಿ ವಾಲ್ವಿನಿಂದ ಗಾಳಿ ಹೊಂಟದ. ಬೋಲ್ಟ್ ಹಾಕಿ ಮುಚ್ಚಿಬಿಡ್ಲೇನ್ರಿ?"

ನಾನು ಓದಿದ್ದು ಕನ್ನಡ ಬಿ.ಎ. ಆದರೆ ರಜೆಗಳನ್ನೆಲ್ಲ ಕಳೆದದ್ದು ಸೋದರಮಾವನ ಗ್ಯಾರೇಜಿನಲ್ಲಿ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಬೇಡ ತಮ್ಮಾ, ಖಂಡಿತ ಬೇಡ.

12 ಇಂಚು ಅಡ್ಡಳತೆಯ ಟ್ಯಾಂಕಿನಲ್ಲಿ 100 ಪಿ.ಎಸ್.ಐ. ಒತ್ತಡವಿದ್ದರೆ, ಅದರ ಒಂದು ತುದಿಯ ಮುಚ್ಚಳವನ್ನು ಗಾಳಿ ಸುಮಾರು 5 ಟನ್ ಭಾರದ ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಒತ್ತಡ ಮಿತಿ ಮೀರಿದಾಗ ಅದನ್ನು ಹೊರಬಿಡಲು ಇರುವುದು ಆ ಸಣ್ಣ ವಾಲ್ವ್ ಒಂದೇ. ಅದನ್ನು ಮುಚ್ಚಿದರೆ ಟ್ಯಾಂಕೇ ಸಿಡಿಯಬಹುದು.

ಮೊದಲು ಗೇಜ್ ನೋಡಿ. ಮೋಟಾರ್ ನಿಲ್ಲಬೇಕಾದ ಅಂಕಿ ದಾಟಿ ಮುಳ್ಳು ಏರುತ್ತಿದ್ದರೆ ಪ್ರೆಶರ್ ಸ್ವಿಚ್ ಕೆಟ್ಟಿದೆ. ಕೂಡಲೇ ಮೇನ್ ಆಫ್ ಮಾಡಿ. ಅಂಕಿ ಸರಿಯಿದ್ದೂ ವಾಲ್ವ್ ಸೋರುತ್ತಿದ್ದರೆ, ಅದರೊಳಗೆ ಕಸ ಕೂತಿದೆ ಅಥವಾ ಸ್ಪ್ರಿಂಗ್ ಸೋತಿದೆ. ಅದೇ ಒತ್ತಡದ ಹೊಸ ವಾಲ್ವ್ ಹಾಕಿಸಿ. ಟ್ಯಾಂಕ್ ಖಾಲಿಯಾದಾಗ ಗೇಜಿನ ಮುಳ್ಳು ಸೊನ್ನೆಗೆ ಬರದಿದ್ದರೆ ಆ ಗೇಜನ್ನೂ ನಂಬಬೇಡಿ.

ಒತ್ತಡ ತಾನಾಗಿ ಇಳಿಯುತ್ತಿದೆಯೇ?

ಟ್ಯಾಂಕ್ ತುಂಬಿಸಿ, ಮೋಟಾರ್ ಆಫ್ ಮಾಡಿ, ಟ್ಯಾಂಕಿನ ಹೊರದಾರಿಯ ವಾಲ್ವ್ ಮುಚ್ಚಿ. ಹತ್ತು ನಿಮಿಷ ಗೇಜ್ ನೋಡಿ. ಮುಳ್ಳು ನಿಂತರೆ ಸೋರಿಕೆ ಮುಂದಿನ ಪೈಪು, ಜೋಡಣೆ ಅಥವಾ ಗನ್ನಿನಲ್ಲಿದೆ. ಇಳಿದರೆ ಟ್ಯಾಂಕಿನ ಬಳಿಯೇ ಇದೆ. ಸೋಪಿನ ನೀರು ಸವರಿ. ಗುಳ್ಳೆ ಎದ್ದಲ್ಲೇ ಕಳ್ಳ ಸಿಗುತ್ತಾನೆ. ಮೋಟಾರ್ ನಿಂತಾಗ ಸ್ವಿಚ್ಚಿನ ಬಳಿ ಒಂದು ಸಲ 'ಪುಸ್' ಎನ್ನುವುದು ಸಹಜ. ಆ ಸದ್ದು ನಿಲ್ಲದೇ ಇದ್ದರೆ ನಾನ್ ರಿಟರ್ನ್ ವಾಲ್ವ್ ಗಾಳಿಯನ್ನು ಹಿಂದಕ್ಕೆ ಬಿಡುತ್ತಿದೆ ಎಂದೇ ಅನುಮಾನಿಸಿ.

ಸೋರಿಕೆಯಿಲ್ಲ, ಆದರೂ ತುಂಬುತ್ತಿಲ್ಲವೇ?

ಏರ್ ಫಿಲ್ಟರ್ ಬಿಚ್ಚಿ ನೋಡಿ. ಧೂಳು ತುಂಬಿದ್ದರೆ ಯಂತ್ರಕ್ಕೆ ಉಸಿರೇ ಇಲ್ಲ. ಬೆಲ್ಟ್ ಸಡಿಲವಾಗಿ ಜಾರುತ್ತಿದೆಯೇ ನೋಡಿ. ಯಂತ್ರ ಓಡುವಾಗ ಫಿಲ್ಟರಿನ ಕಡೆಯಿಂದ ಗಾಳಿ ಹೊರಗೆ ಊದುತ್ತಿದ್ದರೆ ಹೆಡ್ಡಿನೊಳಗಿನ ವಾಲ್ವ್ ಹೋಗಿದೆ. ಗಾಳಿಯ ಜೊತೆ ಎಣ್ಣೆ ಹೆಚ್ಚು ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಇವೆರಡೂ ಮಿಸ್ತ್ರಿಯ ಕೆಲಸ.

ಟ್ಯಾಂಕಿನಲ್ಲಿ ಒತ್ತಡವಿದ್ದೂ ಗನ್ನಿನಲ್ಲಿ ಜೋರಿಲ್ಲದಿದ್ದರೆ ರೆಗ್ಯುಲೇಟರ್ ನೋಡಿ, ಪೈಪು ಮಡಚಿದೆಯೇ ನೋಡಿ. ಉದ್ದನೆಯ ಸಣ್ಣ ಪೈಪೂ ಒತ್ತಡ ತಿನ್ನುತ್ತದೆ.

ಏನೇ ಬಿಚ್ಚುವ ಮೊದಲು ಪ್ಲಗ್ ಕಿತ್ತು, ಟ್ಯಾಂಕಿನ ಗಾಳಿ ಪೂರ್ತಿ ಬಿಡಿ. ಬೆಲ್ಟಿಗೆ ಕೈ ಹಾಕುವಾಗಲೂ ಅಷ್ಟೇ.

ಮಾವ ಎರಡು ಅಭ್ಯಾಸ ಇಟ್ಟುಕೊಂಡಿದ್ದರು. ಯಂತ್ರ ಚೆನ್ನಾಗಿದ್ದ ದಿನ ಖಾಲಿ ಟ್ಯಾಂಕ್ ತುಂಬಲು ಎಷ್ಟು ನಿಮಿಷ ಬೇಕೆಂದು ಗೋಡೆಯ ಮೇಲೆ ಬರೆದಿಟ್ಟಿದ್ದರು. ಆ ಲೆಕ್ಕ ತಪ್ಪಿತೆಂದರೆ ರೋಗ ಶುರುವಾಯಿತೆಂದೇ ಅರ್ಥ. ಇನ್ನೊಂದು, ದಿನದ ಕೊನೆಗೆ ಟ್ಯಾಂಕಿನ ತಳದ ಡ್ರೈನ್ ಕಾಕ್ ತೆರೆದು ನೀರು ಬಿಡುವುದು. ಮಳೆಗಾಲದಲ್ಲಂತೂ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಒಳಗೆ ನಿಂತ ನೀರು ಟ್ಯಾಂಕನ್ನು ತುಕ್ಕು ಹಿಡಿಸಿ ತೆಳ್ಳಗೆ ಮಾಡುತ್ತದೆ. ಹೊರಗಿನ ಬಣ್ಣ ಮಾತ್ರ ಹೊಸದಾಗಿಯೇ ಕಾಣುತ್ತದೆ. ಟ್ಯಾಂಕೇ ಬೆವರುವಂತೆ ಸೋರಿದರೆ ವೆಲ್ಡಿಂಗ್ ಮಾಡಿಸಿ ಮತ್ತೆ ಓಡಿಸಬೇಡಿ, ಟ್ಯಾಂಕನ್ನೇ ಬದಲಿಸಿ.

ತಮ್ಮಾ, ಬೋಲ್ಟ್ ಡಬ್ಬಿಯಲ್ಲೇ ಇರಲಿ. ವಾಲ್ವ್ ಬದಲಿಸಿದ ಮೇಲೆ ಒಂದು ಸಾಲು ಬರಿ. ನೀನು ಕೇಳಿದ ಹಾಡು ಬರುವ ಭಾನುವಾರ. ಕೇಳ್ತಾ ಇರಿ!