ಮಿತವ್ಯಯದಲ್ಲಿ ಸಿಂಹಳಯಾತ್ರೆ

ದ್ವೀಪಾಂತರಯಾತ್ರೆಯೆಂದರೆ ಸಿರಿವಂತರ ವಿನೋದವೆಂದು ನಮ್ಮ ಗೃಹಸ್ಥರಲ್ಲಿ ಅನೇಕರು ತಿಳಿದಿರುವರು. ನಾವೂ ಉಪಾಧ್ಯಾಯ ವೃತ್ತಿಯಲ್ಲಿದ್ದಷ್ಟು ಕಾಲ ಹಾಗೆಯೇ ತಿಳಿದಿದ್ದೆವು. ಲಂಕೆಯನ್ನು ರಾಮಾಯಣದಲ್ಲಿ ಓದಿ ಹುಡುಗರಿಗೆ ಹೇಳಿದೆವೇ ಹೊರತು, ಅಲ್ಲಿಗೆ ಹೋಗಿಬರಬಹುದೆಂದು ಯೋಚಿಸಿದವರಲ್ಲ. ನಿವೃತ್ತರಾದ ಮೇಲೆ ಎರಡು ಸಲ ಆ ದ್ವೀಪವನ್ನು ಕಂಡೆವು. ಮೊದಲನೆಯ ಸಲ ತಪ್ಪಿ ನಡೆದೆವು. ಎರಡನೆಯ ಸಲ ತಿದ್ದಿಕೊಂಡೆವು. ಇವೆರಡರಿಂದಲೂ ಕಲಿತುದನ್ನು, ನಮ್ಮಂತೆಯೇ ಅಳತೆಯ ಹಣದಲ್ಲಿ ಸಂಸಾರ ನಡೆಸುವ ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುವೆವು. ಜೂನ್ ತಿಂಗಳಲ್ಲಿ ಲಂಕೆಯ ದಕ್ಷಿಣ ತೀರದಲ್ಲಿ ಕೊಠಡಿಗಳ ಬಾಡಿಗೆ ಅರ್ಧಕ್ಕಿಳಿದಿದೆಯೆಂದು ಕೇಳಿ, ಹಿಗ್ಗಿ ಹೊರಟೆವು. ಏಕೆ ಇಳಿಯಿತೆಂಬ ಪ್ರಶ್ನೆ ಮಾತ್ರ ನಮ್ಮ ಬುದ್ಧಿಗೆ ಹೊಳೆಯಲಿಲ್ಲ. ಜತೆಯಲ್ಲಿ ನಮ್ಮ ಮನೆಯಾಕೆಯೂ ತಮ್ಮನ ಮಗನೂ ಇದ್ದರು. ಹುಡುಗನು ಈಜು ಬಲ್ಲವನು. ಆದರೆ ಅದು ಊರ ಬಾವಿಯಲ್ಲಿ ಕಲಿತ ಈಜು. ಗಾಲ್ ಪಟ್ಟಣಕ್ಕೆ ಸಮೀಪದ ಒಂದು ಕಡಲಕರೆಯಲ್ಲಿ ಅವನು ನೀರಿಗಿಳಿದು ಐದು ನಿಮಿಷವಾಗಿರಲಿಲ್ಲ. ಪ್ರವಾಹವು ಅವನನ್ನು ಸೆಳೆದುಕೊಂಡು ಹೋಯಿತು. ಅವನು ನಮ್ಮ ಕಡೆಗೆ ಮುಖಮಾಡಿ ಈಜಿದಷ್ಟೂ ದೂರವಾಗುತ್ತಿದ್ದನು. ದಡದಲ್ಲಿ ಬಲೆ ಹೊಲಿಯುತ್ತಿದ್ದ ಬೆಸ್ತನೊಬ್ಬನು ಎದ್ದು ಓಡಿಬಂದು, ಕೈಗಳೆರಡನ್ನೂ ಪಕ್ಕಕ್ಕೆ ಬೀಸಿ ಬೀಸಿ ಕೂಗಿದನು. ಹುಡುಗನಿಗೆ ಭಾಷೆ ತಿಳಿಯದಿದ್ದರೂ ಸನ್ನೆ ತಿಳಿಯಿತು. ಅಡ್ಡಲಾಗಿ ಈಜಿ, ಒಂದು ಫರ್ಲಾಂಗಿನಾಚೆ ದಡ ಮುಟ್ಟಿದನು. ಅಂದು ನಮ್ಮ ಮನೆಯಾಕೆ ಊಟ ಮಾಡಲಿಲ್ಲ. ರಾತ್ರಿ ದೀಪವಾರಿಸುವಾಗ, “ಬಾಡಿಗೆಯಲ್ಲಿ ಎಷ್ಟು ಉಳಿಯಿತು ಅಂದಿರಿ?” ಎಂದು ಮಾತ್ರ ಕೇಳಿದಳು. ನಾವು ಉತ್ತರ ಹೇಳಲಿಲ್ಲ. ಅಗ್ಗವೂ ಮಿತವ್ಯಯವೂ ಒಂದೇ ಅಲ್ಲವೆಂಬ ಪಾಠವು ಅರುವತ್ತು ವರ್ಷದ ಉಪಾಧ್ಯಾಯನಿಗೆ ಅಂದು ಆಯಿತು.

ಕಾರಣವನ್ನು ಆಮೇಲೆ ವಿಚಾರಿಸಿ ತಿಳಿದೆವು. ದಡಕ್ಕೆ ನುಗ್ಗಿದ ಅಲೆಗಳ ನೀರು ಹಿಂದಿರುಗುವಾಗ ಇಕ್ಕಟ್ಟಾದ ಒಂದು ಹಾದಿಯಲ್ಲಿ ಕೂಡಿಕೊಂಡು ಹೊಳೆಯಂತೆ ಕಡಲಿನತ್ತ ಹರಿಯುವುದುಂಟು. ಅದಕ್ಕೆ ಎದುರಾಗಿ ಈಜುವವನು ದಣಿದು ಮುಳುಗುವನು; ದಡಕ್ಕೆ ಸಮಾನಾಂತರವಾಗಿ ಈಜುವವನು ಅದರ ಅಗಲವನ್ನು ದಾಟಿ ಪಾರಾಗುವನು. ಲಂಕೆಗೆ ಮಳೆಗಾಲಗಳು ಎರಡು. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ನೈರುತ್ಯ ಮಾರುತದಿಂದ ಪಶ್ಚಿಮ, ದಕ್ಷಿಣ ತೀರಗಳ ಕಡಲು ಒರಟಾಗಿರುವುದು. ಆಗ ತ್ರಿಂಕೋಮಲೆಯೇ ಮೊದಲಾದ ಪೂರ್ವತೀರವು ಶಾಂತವಾಗಿರುವುದು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯ ಮಾರುತ ಬೀಸುವಾಗ ಇದರ ವಿಪರ್ಯಾಸ. ಆದುದರಿಂದ ಲಂಕೆಗೆ ಹೊರಡುವವನು ಹಣದ ಚೀಲಕ್ಕಿಂತ ಮೊದಲು ಪಂಚಾಂಗವನ್ನು ನೋಡತಕ್ಕದ್ದು.

ಎರಡನೆಯ ಯಾತ್ರೆಯನ್ನು ಫೆಬ್ರವರಿಯಲ್ಲಿ ಕೈಕೊಂಡೆವು. ಆಗ ಕಂಡುದರಲ್ಲಿ ಅಗ್ರಸ್ಥಾನವು ಶ್ರೀಪಾದಗಿರಿಗೆ ಸಲ್ಲುವುದು. ಇದರ ಎತ್ತರ 2,243 ಮೀಟರು. ನೆತ್ತಿಯ ಬಂಡೆಯ ಮೇಲಣ ಹೆಜ್ಜೆಯ ಗುರುತನ್ನು ಬೌದ್ಧರು ಬುದ್ಧನದೆಂದೂ, ಶೈವರು ಶಿವನದೆಂದೂ, ಮುಸಲ್ಮಾನರು ಆದಮನದೆಂದೂ ನಂಬಿ ಬರುವರು. 1344ರಲ್ಲಿ ಅರಬ್ ಯಾತ್ರಿಕ ಇಬ್ನ್ ಬತೂತನೂ ಈ ಗಿರಿಯನ್ನೇರಿದ್ದನು. ಡಿಸೆಂಬರಿನ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖ ಹುಣ್ಣಿಮೆಯವರೆಗೆ ಯಾತ್ರಾಕಾಲ. ಆ ದಿನಗಳಲ್ಲಿ ರಾತ್ರಿಯಿಡೀ ಹಾದಿಗೆ ದೀಪಗಳುಂಟು, ಚಹದ ಅಂಗಡಿಗಳುಂಟು.

ಹ್ಯಾಟನ್ ನಿಲ್ದಾಣದಿಂದ ಬಸ್ಸಿನಲ್ಲಿ ನಲ್ಲತಣ್ಣಿಗೆ ಹೋಗಿ, ನಡುರಾತ್ರಿ ಕಳೆದ ಮೇಲೆ ಏರತೊಡಗಿದೆವು. ಮೆಟ್ಟಿಲುಗಳು ಐದು ಸಾವಿರಕ್ಕೂ ಮಿಗಿಲು. ನಮ್ಮ ಮನೆಯಾಕೆಯ ಮೊಣಕಾಲು ಅರ್ಧ ಹಾದಿಯಲ್ಲಿಯೇ ಹಟ ಹಿಡಿಯಿತು. ನಾವು ಇಳಿದುಬಿಡೋಣವೆಂದೆವು. ಅಷ್ಟರಲ್ಲಿ ಬಿಳಿಯ ಬಟ್ಟೆಯುಟ್ಟ ಮುದುಕಿಯೊಬ್ಬಳು ಮೊಮ್ಮಗನ ಹೆಗಲು ಹಿಡಿದು, “ಕರುಣಾವೈ” ಎಂದು ಹರಸುತ್ತ ನಮ್ಮನ್ನು ದಾಟಿಹೋದಳು. ಕರುಣೆಯೆಂಬ ಆ ಶಬ್ದಕ್ಕೆ ನಮಗೆ ಅರ್ಥ ಹೇಳುವವರು ಬೇಕಾಗಿರಲಿಲ್ಲ. “ಆಕೆ ಹತ್ತುವಳಂತೆ, ನಾನು ಕೂತಿರಲೇ?” ಎಂದು ನಮ್ಮ ಮನೆಯಾಕೆ ಎದ್ದಳು. ಹತ್ತು ಮೆಟ್ಟಿಲಿಗೊಮ್ಮೆ ನಿಂತು ಏರಿದೆವು. ಬುದ್ಧನು ತನ್ನ ಚೀವರವನ್ನು ಹೊಲಿದುಕೊಂಡನೆಂದು ಹೇಳುವ ಎಡೆಯಲ್ಲಿ ಯಾತ್ರಿಕರು ಬಿಳಿಯ ದಾರವನ್ನು ಬಿಚ್ಚುತ್ತ ಹೋಗುವರು. ಹಾದಿಯ ಬದಿಯೆಲ್ಲ ದಾರಮಯವಾಗಿದ್ದಿತು. ಮೇಲೆ ಒಂದು ಗಂಟೆಯುಂಟು. ಎಷ್ಟು ಸಲ ಏರಿದವರೋ ಅಷ್ಟು ಸಲ ಬಾರಿಸುವುದು ಅಲ್ಲಿಯ ಪದ್ಧತಿ. ನಾವು ಒಂದೊಂದೇ ಸಲ ಬಾರಿಸಿದೆವು. ಸೂರ್ಯೋದಯವಾದೊಡನೆ ಪಶ್ಚಿಮದ ಮಂಜಿನ ಮೇಲೆ ಗಿರಿಯ ನೆರಳು ಅಚ್ಚುಕಟ್ಟಾದ ತ್ರಿಕೋಣವಾಗಿ ಬಿದ್ದಿತು. ಇಷ್ಟಕ್ಕೆ ನಮ್ಮಿಂದ ಯಾರೂ ಟಿಕೆಟ್ಟು ಕೇಳಲಿಲ್ಲ. ಚಹಕ್ಕೆ ಕೊಟ್ಟುದೇ ವೆಚ್ಚ.

ಬೆಟ್ಟಸೀಮೆಯ ಎಲ್ಲ ಎಂಬ ಊರು ನಡೆಯುವವರ ಸ್ವರ್ಗ. ಎಲ್ಲ ಎಂದರೆ ಸಿಂಹಳ ಭಾಷೆಯಲ್ಲಿ ಜಲಪಾತ. ಚಹದ ತೋಟಗಳ ನಡುವೆ ಚಿಕ್ಕ ಆದಂ ಶಿಖರಕ್ಕೆ ಮಕ್ಕಳೂ ಏರಬಹುದು. ಸಮೀಪದ ದೆಮೋದರದಲ್ಲಿ 1921ರಲ್ಲಿ ಉಕ್ಕಿಲ್ಲದೆ ಕಲ್ಲು, ಇಟ್ಟಿಗೆ, ಸಿಮೆಂಟುಗಳಿಂದಲೇ ಕಟ್ಟಿದ ಒಂಬತ್ತು ಕಮಾನುಗಳ ರೈಲು ಸೇತುವೆಯುಂಟು. 2025ರ ನವೆಂಬರಿನ ಚಂಡಮಾರುತದಿಂದ ಈ ಸೀಮೆಯಲ್ಲಿ ಭೂಕುಸಿತಗಳಾಗಿ ರೈಲುದಾರಿಗೂ ಹಾನಿಯಾದುದರಿಂದ, ಹೊರಡುವ ಮುನ್ನ ಬಂಡಿಗಳ ಸಂಚಾರವನ್ನು ವಿಚಾರಿಸಿಕೊಳ್ಳತಕ್ಕದ್ದು. ಮಳೆ ಬಿದ್ದ ಕಾಡುಹಾದಿಯಲ್ಲಿ ಇಂಬಳಗಳ ಕಾಟವುಂಟು. ಮಲೆನಾಡಿನವರಿಗೆ ಇದರ ಪರಿಚಯ ಹೇಳಬೇಕಾದುದಿಲ್ಲ. ಬಯಲುಸೀಮೆಯವರು ಉಪ್ಪಿನ ಗಂಟೊಂದನ್ನು ಜತೆಗಿಟ್ಟುಕೊಳ್ಳಲಿ.

ಸಿಗಿರಿಯ ಬಂಡೆಯನ್ನೇರಲು ವಿದೇಶೀಯರಿಗೆ ಶುಲ್ಕ ಹೆಚ್ಚು. ಭಾರತವೂ ಸೇರಿದ ಸಾರ್ಕ್ ರಾಷ್ಟ್ರಗಳವರಿಗೆ ರಿಯಾಯಿತಿಯುಂಟಾದ ಕಾರಣ ಪಾಸ್‌ಪೋರ್ಟನ್ನು ಮರೆಯಬಾರದು. ಅದೂ ಭಾರವೆನಿಸಿದರೆ ಎದುರಿಗಿರುವ ಪಿದುರಂಗಲವನ್ನು ಅಲ್ಪಶುಲ್ಕದಲ್ಲಿ ಏರಬಹುದು. ಸಿಗಿರಿಯ ಪೂರ್ಣವಾಗಿ ಕಾಣುವುದು ಅಲ್ಲಿಂದಲೇ. ಕೊನೆಯ ಭಾಗದಲ್ಲಿ ಬಂಡೆಗಳನ್ನು ಕೈಯೂರಿ ಹತ್ತಬೇಕಾದುದರಿಂದ ವೃದ್ಧರು ಕೆಳಗೆಯೇ ನಿಲ್ಲುವುದು ಲೇಸು. ಗಾಲ್ ಕೋಟೆಯನ್ನು ಡಚ್ಚರು 1640ರಲ್ಲಿ ಪೋರ್ತುಗೀಸರಿಂದ ಗೆದ್ದು ಬಲಪಡಿಸಿದರು. ಅದರ ಗೋಡೆಯ ಮೇಲೆ ಸಂಜೆಯ ಹೊತ್ತು ತಿರುಗಾಡಲು ಕಾಸು ಬೇಡ; ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಳೆಯ ಬೀದಿಗಳು, ಕೆಳಗೆ ಕ್ರಿಕೆಟ್ ಮೈದಾನ.

ಊಟದ ವಿಷಯದಲ್ಲಿ ಒಂದು ಎಚ್ಚರಿಕೆ. ಒತ್ತುಶಾವಿಗೆಯೊಡನೆ ಬಡಿಸುವ ಪೊಲ್ ಸಂಬೋಲವು ನೋಡುವುದಕ್ಕೆ ನಮ್ಮ ಕಾಯಿಚಟ್ನಿಯಂತೆಯೇ ಇದ್ದರೂ, ಅದರಲ್ಲಿ ಒಣಮೀನಿನ ಪುಡಿ ಸೇರಿರುವುದುಂಟು. ಸಸ್ಯಾಹಾರಿಗಳು ಕೇಳಿಯೇ ಉಣ್ಣಬೇಕು. ತಂಬಿಲಿಯೆಂಬ ಕೆಂಚು ಎಳನೀರು ಬಿಸಿಲಿನ ದಣಿವಿಗೆ ಪರಮೌಷಧ.

ಹಿಂದಿರುಗುವ ಮುಂಚೆ ಪುನಃ ಆ ಕಡಲಕರೆಗೆ ಹೋದೆವು. ನಮ್ಮ ಮನೆಯಾಕೆ ಬೇಡವೆಂದಳು, ಹುಡುಗನೇ ಹೋಗಬೇಕೆಂದನು. ಕಡಲು ಕೆರೆಯಂತೆ ಮಲಗಿದ್ದಿತು. ಹುಡುಗನು ನೇರವಾಗಿ ನೀರಿಗಿಳಿಯಲಿಲ್ಲ. ದಡದ ಬೆಸ್ತರ ಬಳಿಗೆ ಹೋಗಿ, ಕೈಸನ್ನೆಯಿಂದ ನೀರಿನ ಸಮಾಚಾರವನ್ನು ಕೇಳಿ ಬಂದನು. ಅನಂತರ ಎದೆಮಟ್ಟದ ನೀರಿನಲ್ಲಿಯೇ ಅರ್ಧ ಗಂಟೆ ಈಜಿದನು. ಆ ವಿಚಾರಣೆಗೆ ವೆಚ್ಚವಾದುದು ಎರಡು ನಿಮಿಷ. ಮೊದಲನೆಯ ಸಲ ನಾವು ಉಳಿಸಿಕೊಂಡಿದ್ದುದೂ ಅದನ್ನೇ.

ವಾಚಕರು ಹೊಟೇಲಿನಲ್ಲಿ, ಬಂಡಿಯಲ್ಲಿ, ಬಟ್ಟೆಬರೆಯಲ್ಲಿ ಯಥೇಚ್ಛವಾಗಿ ಮಿತವ್ಯಯ ಮಾಡಲಿ. ವಿಚಾರಿಸುವುದರಲ್ಲಿ ಮಾತ್ರ ಜಿಪುಣರಾಗದಿರಲಿ.